‘ಐ ಸೆವೆನ್’ ಅಂದ ಕೂಡಲೇ ದುಡ್ಡು ಎಣಿಸಬೇಡಿ

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವನು, ಡಿಗ್ರಿ ಎರಡನೇ ವರ್ಷ. ಈ ಸಲ ಅಡಿಕೆ ಮಾರಿದ ದುಡ್ಡಿನಲ್ಲಿ ಅಪ್ಪ ಅರವತ್ತು ಸಾವಿರ ಕೊಡಲು ಒಪ್ಪಿದ್ದಾರೆ. ವ್ಯಾಲೊರಂಟ್, ಜಿಟಿಎ 5 ಆಡಬೇಕು, ಸ್ವಲ್ಪ ವಿಡಿಯೊ ಎಡಿಟಿಂಗ್ ಕೂಡ ಮಾಡಬೇಕು. ಮಾನಿಟರ್ ಇದೆ. ಪರಿಚಯದವರೊಬ್ಬರು ‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, ಎಲ್ಲ ಸೇರಿ 32 ಸಾವಿರಕ್ಕೆ ಜೋಡಿಸಿ ಕೊಡುತ್ತೇನೆ’ ಎನ್ನುತ್ತಿದ್ದಾರೆ. ಅರ್ಧ ದುಡ್ಡು ಉಳಿಯುತ್ತದಲ್ಲ, ತಗೊಳ್ಳಲೇ?

ಉತ್ತರ: ಬೇಡ. ಮೊದಲು ಆ ಐ7 ಯಾವ ತಲೆಮಾರಿನದು ಎಂದು ಕೇಳಿ. ಐ7 ಎಂಬುದು ಮನೆತನದ ಹೆಸರಿನ ಹಾಗೆ. ಅಜ್ಜನಿಗೂ ಅದೇ, ಮೊಮ್ಮಗನಿಗೂ ಅದೇ. ಈ ದರಕ್ಕೆ ಸಿಗುವುದು ಹೆಚ್ಚಾಗಿ ಐ7-3770 ಅಥವಾ ಅದರ ಆಚೀಚಿನದು. ಅದು 2012ರ ಪ್ರೊಸೆಸರ್. ಯಾವುದೋ ಆಫೀಸಿನ ಹಳೇ ಕಂಪ್ಯೂಟರಿನಿಂದ ಬಿಚ್ಚಿದ್ದು, ಹೊಸ ಕ್ಯಾಬಿನೆಟ್‌ನಲ್ಲಿ ಬಣ್ಣದ ಲೈಟು ಹಾಕಿಸಿಕೊಂಡು ಕೂತಿರುತ್ತದೆ. ನಾಲ್ಕು ಕೋರ್ (ಲೆಕ್ಕ ಮಾಡುವ ಮಿದುಳು), ಎಂಟು ಥ್ರೆಡ್ (ಏಕಕಾಲಕ್ಕೆ ಹಿಡಿಯಬಲ್ಲ ಕೆಲಸ). 2022ರಲ್ಲಿ ಬಂದ ಐ3-12100ಎಫ್‌ಗೂ ಅಷ್ಟೇ ಕೋರ್, ಅಷ್ಟೇ ಥ್ರೆಡ್. ಆದರೆ ಆಟದಲ್ಲಿ ಈ ಐ3 ಆ ಐ7 ಅನ್ನು ಎಲ್ಲೋ ಹಿಂದೆ ಬಿಟ್ಟು ಹೋಗುತ್ತದೆ.

ನಿಮಗೆ ಇನ್ನೊಂದು ತೊಡಕೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಈಚೆಗೆ. ಅದರ ಮೇಲೆ, ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಓಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ವ್ಯವಸ್ಥೆಗಳೂ ಆನ್ ಇರಬೇಕು. ಆ ಹಳೇ ಮದರ್‌ಬೋರ್ಡಿನಲ್ಲಿ ಟಿಪಿಎಂ 2.0 ಎಲ್ಲಿಂದ ಬರಬೇಕು?

ಇನ್ನು ‘4 ಜಿಬಿ ಗ್ರಾಫಿಕ್ಸ್’. ಯಾವ ಕಾರ್ಡ್ ಎಂದು ಹೇಳದೆ ಬರೀ ಜಿಬಿ ಹೇಳುವವರ ಹತ್ತಿರ ಸ್ವಲ್ಪ ಹುಷಾರು. ಅಡಿಕೆ ಬೇಯಿಸುವ ಹಂಡೆ ಎಷ್ಟು ದೊಡ್ಡದಿದ್ದರೇನು, ಒಲೆಯಲ್ಲಿ ಉರಿ ಇಲ್ಲದಿದ್ದರೆ? ಜಿಟಿ 730 ಎಂಬ 2014ರ ಕಾರ್ಡು 4 ಜಿಬಿಯಲ್ಲೂ ಸಿಗುತ್ತದೆ. ಅದರ ಹಂಡೆ ದೊಡ್ಡದು, ಉರಿ ಇಲ್ಲ.

ಹಾಗಾದರೆ ಏನು ತಗೊಳ್ಳಬೇಕು? ನಾನು ಲೆಕ್ಕ ಹಾಕುವುದು ಕಾರ್ಡಿನಿಂದ. ಆಟಕ್ಕೇ ಕಂಪ್ಯೂಟರ್ ಕಟ್ಟುವುದಾದರೆ ಐದರಲ್ಲಿ ಎರಡು ಪಾಲಿನಷ್ಟು ದುಡ್ಡು ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. 1080ಪಿ, ಅಂದರೆ ಫುಲ್ ಎಚ್‌ಡಿ ಮಾನಿಟರ್‌ಗೆ ಆರ್‌ಎಕ್ಸ್ 6600 ಸಾಕು. 8 ಜಿಬಿ ಮೆಮೊರಿ, 132 ವ್ಯಾಟ್ ಕರೆಂಟು. ದುಡ್ಡು ಸ್ವಲ್ಪ ಹಿಗ್ಗಿದರೆ ಆರ್‌ಎಕ್ಸ್ 7600. ಆರ್‌ಎಕ್ಸ್ 6500 ಎಕ್ಸ್‌ಟಿ ಕಡೆ ಮಾತ್ರ ತಿರುಗಿಯೂ ನೋಡಬೇಡಿ. ಹೆಸರಿನಲ್ಲಿ ನೂರೇ ಅಂಕಿ ಕಮ್ಮಿ. ಆದರೆ ಮೆಮೊರಿ 4 ಜಿಬಿ, ಬೋರ್ಡಿನ ಜೊತೆ ಮಾತಾಡುವ ಲೇನ್ ನಾಲ್ಕೇ. ಪಿಸಿಐಇ 3.0 (ಆ ಲೇನ್‌ಗಳ ಹಳೇ, ನಿಧಾನದ ತಲೆಮಾರು) ಬೋರ್ಡಿಗೆ ಹಾಕಿದರೆ ಇನ್ನೂ ಸೊರಗುತ್ತದೆ.

ಆರ್‌ಎಕ್ಸ್ 6600ರ ಜೋಡಿಗೆ ಎಎಂಡಿ ಕಂಪನಿಯ ರೈಜೆನ್ 5 5600 ಪ್ರೊಸೆಸರ್. ಆರು ಕೋರ್, ಹನ್ನೆರಡು ಥ್ರೆಡ್. ನಿಮ್ಮ ಎಡಿಟಿಂಗ್‌ಗೂ ಆಯಿತು. ಇದು ಎಎಂ4 ಸಾಕೆಟ್ಟಿನದು (ಸಾಕೆಟ್ ಎಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಗೂಡು), ಅಂದರೆ ಹಳೇ ದಾರಿ. 2022ರಲ್ಲೇ ಎಎಂ5 ಬಂದಿದೆ, ಅಲ್ಲಿಂದೀಚಿನ ತಲೆಮಾರುಗಳೆಲ್ಲ ಅದಕ್ಕೇ. ‘ಹಾಗಾದರೆ ಎಎಂ5 ತಗೊಂಡರೆ ಮುಂದೆ ಅಪ್‌ಗ್ರೇಡ್ ಮಾಡಬಹುದಲ್ಲ’ ಎಂದು ಯಾರಾದರೂ ಹೇಳುತ್ತಾರೆ. ಮಾತು ನಿಜ. ಆದರೆ ಎಎಂ5ಗೆ ಹೊಸ ಜಾತಿಯ ಡಿಡಿಆರ್5 ರ‍್ಯಾಮ್ ಬೇಕೇ ಬೇಕು. 2025ರ ಕೊನೆಯಿಂದ ರ‍್ಯಾಮ್ ದರ ಏರಿದ್ದು ನೋಡಿದರೆ ಆ ದುಡ್ಡು ಕಾರ್ಡಿನಿಂದಲೇ ಕಡಿತವಾಗುತ್ತದೆ. ನಾಲ್ಕು ವರ್ಷದ ನಂತರದ ಅಪ್‌ಗ್ರೇಡಿಗಾಗಿ ಇವತ್ತು ನಿಧಾನದ ಕಾರ್ಡಿನಲ್ಲಿ ಆಡುವುದು ನನಗಂತೂ ಸರಿ ಕಾಣುವುದಿಲ್ಲ.

ಬೋರ್ಡ್ ಬಿ450 ಅಥವಾ ಬಿ550. ಬಿ450 ಆದರೆ ‘5000 ಸರಣಿಗೆ ಬಯಾಸ್ ಅಪ್‌ಡೇಟ್ ಆಗಿದೆಯಾ’ (ಬಯಾಸ್ ಎಂದರೆ ಕಂಪ್ಯೂಟರನ್ನು ಶುರು ಮಾಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಎಂದು ಅಂಗಡಿಯಲ್ಲೇ ಕೇಳಿ. ಆಗಿರದಿದ್ದರೆ ಮನೆಗೆ ತಂದು ಸ್ವಿಚ್ ಒತ್ತಿದಾಗ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗೇ ಇರುತ್ತದೆ. ರ‍್ಯಾಮ್ 16 ಜಿಬಿ, 8ರ ಎರಡು ಕಡ್ಡಿ. ಜೋಡಿಸಿದ ಮೇಲೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡಿ. ಇಲ್ಲದಿದ್ದರೆ 3200ರ ರ‍್ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಎಸ್‌ಎಸ್‌ಡಿ 1 ಟಿಬಿಗೆ ದುಡ್ಡು ಸಾಲದಿದ್ದರೆ 500 ಜಿಬಿ ಸಾಕು, ಇನ್ನೊಂದನ್ನು ಆಮೇಲೆ ಸೇರಿಸಿಕೊಳ್ಳಬಹುದು.

ಎಸ್‌ಎಂಪಿಎಸ್‌ನಲ್ಲಿ (ಕಂಪ್ಯೂಟರಿನ ಒಳಗೆ ಎಲ್ಲದಕ್ಕೂ ಕರೆಂಟು ಹಂಚುವ ಡಬ್ಬಿ) ಮಾತ್ರ ಚೌಕಾಸಿ ಬೇಡ. ಈ ಪ್ರೊಸೆಸರ್ ಹೆಚ್ಚೆಂದರೆ 76 ವ್ಯಾಟ್ ತಿನ್ನುತ್ತದೆ, ಕಾರ್ಡು 132. ಬೋರ್ಡು, ಫ್ಯಾನು, ಎಸ್‌ಎಸ್‌ಡಿ ಎಲ್ಲ ಸೇರಿಸಿದರೂ 300 ದಾಟುವುದಿಲ್ಲ. ಹಾಗಾಗಿ 750 ವ್ಯಾಟ್ ಬೇಕಿಲ್ಲ. ಒಳ್ಳೆಯ ಕಂಪನಿಯ 550 ವ್ಯಾಟ್, 80 ಪ್ಲಸ್ ಬ್ರಾಂಜ್ (ಕರೆಂಟು ಪೋಲು ಮಾಡದಿರುವುದಕ್ಕೆ ಕೊಡುವ ದರ್ಜೆ) ಸಾಕು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ‘450 ವ್ಯಾಟ್’ ಡಬ್ಬಿ ಬೇಡವೇ ಬೇಡ. ಅದರ ಮೇಲಿನ ಅಂಕಿ ಸ್ಟಿಕರಿನ ಅಂಕಿ, ಅಷ್ಟೇ.

ಕೊನೆಗೊಂದು ಸಣ್ಣ ಮಾತು, ಫೋನ್ ಮಾಡಿ ಕೇಳುವವರು ಜಾಸ್ತಿ ಇರುವುದಕ್ಕೆ. 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಮಾನಿಟರ್ ಕೇಬಲ್ ಬೋರ್ಡಿಗೆ ಚುಚ್ಚಿದರೆ ಏನೂ ಕಾಣುವುದಿಲ್ಲ. ಕೆಳಗಿನ ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿ.

ಪ್ರಶ್ನೆ: ಕಾರವಾರದಲ್ಲಿ ನಮ್ಮ ಮನೆ ಸಮುದ್ರಕ್ಕೆ ತೀರ ಹತ್ತಿರ. ಹಳೇ ಕಂಪ್ಯೂಟರ್ ಮೂರೇ ವರ್ಷಕ್ಕೆ ಸತ್ತಿತು. ಬಿಚ್ಚಿ ನೋಡಿದರೆ ಬೋರ್ಡಿನ ಮೇಲೆ ಹಸಿರು ಕಿಲುಬು. ಮಗನಿಗೆ ಈಗ ಗೇಮಿಂಗ್ ಕಂಪ್ಯೂಟರ್ ಬೇಕಂತೆ. ಇಷ್ಟು ದುಡ್ಡು ಹಾಕಿ ಮತ್ತೆ ಉಪ್ಪಿಗೆ ಕೊಡಬೇಕಾ?

ಉತ್ತರ: ಅಕ್ಕ, ನಿಮ್ಮ ಸಿಟ್ಟು ಸರಿಯಾದದ್ದೇ. ಬೋರ್ಡ್ ತಿಂದದ್ದು ಬರೀ ತೇವ ಅಲ್ಲ, ಉಪ್ಪು ಕೂತ ಧೂಳು. ಗಾಳಿಯ ತೇವಾಂಶ ಶೇ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ಕರಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿಯಲ್ಲಿ ನೀರೊಡೆಯುವುದು ನಿಮಗೆ ಗೊತ್ತೇ ಇದೆ. ಬೋರ್ಡಿನ ಮೇಲೆ ಆಗುವುದೂ ಅದೇ. ಉಪ್ಪುನೀರು ಕರೆಂಟು ಹರಿಸುತ್ತದೆ, ತಾಮ್ರ ಕಿಲುಬು ಹಿಡಿಯುತ್ತದೆ.

ಸಮಾಧಾನದ ಸಂಗತಿ ಏನೆಂದರೆ, ಓಡುತ್ತಿರುವ ಕಂಪ್ಯೂಟರ್ ಒಳಗೆ ಬಿಸಿ ಇರುತ್ತದೆ. ಬಿಸಿ ಇರುವ ಕಡೆ ತೇವ ಕೂರುವುದಿಲ್ಲ. ಕೆಡುವುದು ಮುಚ್ಚಿಟ್ಟ ಕಂಪ್ಯೂಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಒಂದು ಗಂಟೆಯಾದರೂ ಆನ್ ಇರಲಿ. ಪರೀಕ್ಷೆ ಎಂದು ನೀವು ಎರಡು ತಿಂಗಳು ಬಂದ್ ಮಾಡಿಸಿದರೆ ಕಂಪ್ಯೂಟರಿಗೆ ನಷ್ಟ. ಮಗನಿಗೆ ಈ ಸಾಲು ಓದಿ ಹೇಳಬೇಡಿ. ಆಫ್ ಮಾಡಿದ ತಕ್ಷಣ ಪ್ಲಾಸ್ಟಿಕ್ ಹೊದಿಕೆ ಹಾಕುವ ಅಭ್ಯಾಸ ಇದ್ದರೆ ಬಿಡಿ. ಒಳಗಿನ ತೇವ ಹೊರಗೆ ಹೋಗದೆ ಅಲ್ಲೇ ಉಳಿಯುತ್ತದೆ. ತೆಳ್ಳಗಿನ ಹತ್ತಿ ಬಟ್ಟೆ ಆದರೆ ಅಡ್ಡಿಯಿಲ್ಲ.

ಕ್ಯಾಬಿನೆಟ್ ಆರಿಸುವಾಗ ಗಾಜು, ಲೈಟು ನೋಡಬೇಡಿ. ಮುಂದೆ ಜಾಲರಿ ಇದೆಯಾ, ಅದರ ಹಿಂದೆ ತೆಗೆದು ತೊಳೆಯಬಹುದಾದ ಫಿಲ್ಟರ್ ಇದೆಯಾ, ಅದು ನೋಡಿ. ಮುಂದೆ ಎರಡು ಫ್ಯಾನ್ ಒಳಗೆ ಎಳೆಯಲಿ, ಹಿಂದೆ ಒಂದು ಹೊರಗೆ ದೂಡಲಿ. ಒಳಗೆ ಬರುವ ಗಾಳಿ ಜಾಸ್ತಿ ಇದ್ದರೆ ಸಂದಿಗೊಂದಿಗಳಿಂದ ಉಪ್ಪು ಧೂಳು ನುಗ್ಗುವುದು ಕಮ್ಮಿ. ಕಡಲಿಗೆ ತೆರೆಯುವ ಕಿಟಕಿಯ ಬುಡದಲ್ಲಿ ಮೇಜು ಇಡಬೇಡಿ. ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ಬ್ಲೋವರ್‌ನಿಂದ ಒಂದು ಸಲ ಧೂಳು ಹೊಡೆಸಿ. ನಮ್ಮ ಕಡೆ ಹೆಂಚು ಕೈಯಾಡಿಸುವ ಹೊತ್ತು ಅದು. ಆ ದಿನವೇ ಇದನ್ನೂ ಮುಗಿಸಿಬಿಡಿ.

ಪ್ರಶ್ನೆ: ಹೊನ್ನಾವರ ತಾಲ್ಲೂಕಿನ ಒಳಗಿನ ಊರು ನಮ್ಮದು. ಸಂಜೆ ಪಂಪ್‌ಸೆಟ್ ಶುರುವಾದರೆ ಬಲ್ಬು ಮಂಕಾಗುತ್ತದೆ, ಆಟದ ಮಧ್ಯೆ ಕಂಪ್ಯೂಟರ್ ತಂತಾನೇ ಆಫ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಮನೆಯಲ್ಲಿ ಇನ್ವರ್ಟರ್ ಇದೆ. ಬೇರೆ ಯುಪಿಎಸ್ ಬೇಕಾ?

ಉತ್ತರ: ಮೊದಲು ಆ ‘ಜುಮ್’. ಎಸ್‌ಎಂಪಿಎಸ್ ಒಳಗೆ, ಕರೆಂಟಿನ ಗಲಾಟೆ ಸೋಸಲು ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ ಮೈಗೆ, ಇನ್ನೊಂದು ನ್ಯೂಟ್ರಲ್‌ನಿಂದ ಮೈಗೆ. ಅರ್ಥಿಂಗ್ ಸರಿ ಇದ್ದರೆ ಅಲ್ಲಿ ಬರುವ ಚೂರು ಕರೆಂಟು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಮೈ 230ರ ಅರ್ಧ, ಅಂದರೆ 115 ವೋಲ್ಟ್ ಸುತ್ತಮುತ್ತ ತೇಲುತ್ತಿರುತ್ತದೆ. ಕರೆಂಟು ತೀರ ಸಣ್ಣದು, ಅದಕ್ಕೇ ಜುಮ್ ಎಂದು ಬಿಟ್ಟುಬಿಡುತ್ತದೆ. ಹಾಗಾಗಿ ಕಂಪ್ಯೂಟರ್ ಕೆಟ್ಟಿಲ್ಲ. ನಿಮ್ಮ ಮನೆಗೆ ಅರ್ಥಿಂಗ್ ಇಲ್ಲ ಎಂದು ಅದು ಹೇಳುತ್ತಿದೆ. ಅದೇ ಮನೆಯಲ್ಲಿ ಫ್ರಿಡ್ಜು, ಮಿಕ್ಸರು, ಗೀಸರು ಇವೆಯಲ್ಲ, ಅವುಗಳಲ್ಲಿ ತಂತಿ ಮೈಗೆ ತಾಗಿದರೆ ಬರುವುದು ಜುಮ್ ಅಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಪರೀಕ್ಷೆ ಮಾಡಿಸಿ. ನಮ್ಮ ಚಿರೇಕಲ್ಲು ನೆಲ ಬೇಸಿಗೆಯಲ್ಲಿ ಬಿರುಸಾಗಿ ಒಣಗುತ್ತದೆ. ಅರ್ಥಿಂಗ್ ಗುಂಡಿಗೆ ಮಾರ್ಚ್‌ನಿಂದ ಆಗಾಗ ಒಂದು ಕೊಡ ನೀರು ಹೊಯ್ಯಬೇಕು. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದರೆ ಇವತ್ತೇ ತೆಗೆಯಿರಿ.

ಎರಡನೆಯದು, ಆಫ್ ಆಗುವುದು. ಎಸ್‌ಎಂಪಿಎಸ್‌ನ ಸ್ಟಿಕರ್ ಓದಿ. ಕೆಲವದರ ಮೇಲೆ 200-240 ವೋಲ್ಟ್ ಎಂದಿರುತ್ತದೆ, ಕೆಲವದರ ಮೇಲೆ 100-240. ಅಗ್ಗದವು ಹೆಚ್ಚಾಗಿ ಮೊದಲ ಜಾತಿ. ನಿಮ್ಮಲ್ಲಿ ಸಂಜೆ 170ಕ್ಕೆ ಇಳಿದರೆ ಅದು ಕೈಚೆಲ್ಲುತ್ತದೆ. ಎರಡನೇ ಜಾತಿಯದಕ್ಕೆ 170 ಒಂದು ಲೆಕ್ಕವೇ ಅಲ್ಲ. ನಮ್ಮ ಜಿಲ್ಲೆಯ ಒಳಊರುಗಳಿಗೆ ಎಸ್‌ಎಂಪಿಎಸ್ ಕೊಳ್ಳುವಾಗ ನಾನು ಮೊದಲು ಓದುವುದು ಈ ಸಾಲನ್ನೇ, ವ್ಯಾಟ್ ಆಮೇಲೆ.

ಇನ್ವರ್ಟರ್ ಬಗ್ಗೆ. ಅದು ಸೈನ್‌ವೇವ್ ಜಾತಿಯದಾಗಿದ್ದು, ಹಿಂದೆ ‘ಯುಪಿಎಸ್ ಮೋಡ್’ ಸ್ವಿಚ್ ಇದ್ದರೆ ಅದನ್ನು ಹಾಕಿ ನೋಡಿ. ಆ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವುದು ಬೇಗ. ಬಹಳ ಮನೆಗಳಲ್ಲಿ ಇಷ್ಟಕ್ಕೇ ಕೆಲಸ ಆಗುತ್ತದೆ. ಆದರೆ ವೋಲ್ಟೇಜ್ ಇಳಿದಾಗಲೆಲ್ಲ ಬ್ಯಾಟರಿಗೆ ಹೋಗುವುದರಿಂದ ಸಂಜೆ ಬ್ಯಾಟರಿ ಬೇಗ ಬರಿದಾಗಬಹುದು. ಹಾಗಾದರೆ ಬೇರೆ ಯುಪಿಎಸ್ ತಗೊಳ್ಳಿ. ಡಬ್ಬಿಯ ಮೇಲಿನ ವಿಎ ಅಂದರೆ ವ್ಯಾಟ್ ಅಲ್ಲ. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಆಡುವಾಗ ಮಾನಿಟರ್ ಸೇರಿ 300ರ ಹತ್ತಿರ ಹೋಗುವ ಕಂಪ್ಯೂಟರಿಗೆ ಅದು ಅಂಚಿನ ಮೇಲಿನ ನಡಿಗೆ. 1000 ವಿಎ ಇರಲಿ. ಅದೂ ಕೊಡುವುದು ಆಟ ಸೇವ್ ಮಾಡಿ ಬಂದ್ ಮಾಡುವಷ್ಟು ಹೊತ್ತು. ಮ್ಯಾಚ್ ಮುಗಿಸುವ ಆಸೆ ಬೇಡ.

ಸಿಡಿಲಿನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದು ಅಕ್ಟೋಬರ್ ಸಂಜೆ ಗುಡುಗು ಕೇಳಿದ ಕೂಡಲೇ ನಾನು ಪ್ಲಗ್ ಕಿತ್ತೆ. ಬುದ್ಧಿವಂತ ಎಂದುಕೊಂಡೆ. ಲ್ಯಾನ್ ವಯರ್ ಕೀಳಲು ಮರೆತಿದ್ದೆ. ಸಿಡಿಲು ಟೆಲಿಫೋನ್ ತಂತಿ ಹಿಡಿದು, ರೂಟರ್ ಸುಟ್ಟು, ಲ್ಯಾನ್ ಪೋರ್ಟಿನಿಂದ ಮದರ್‌ಬೋರ್ಡಿಗೆ ಬಂತು. ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ಎನ್ನುತ್ತಾರೆ. ಎಳೆಯಲ್ಲಿ ಹರಿಯುವುದಿಲ್ಲ, ಸರಿ. ಆದರೆ ಕಂಬದಿಂದ ಮನೆಗೆ ಎಳೆದ ಕೇಬಲ್‌ಗೆ ಆಧಾರಕ್ಕೆ ಉಕ್ಕಿನ ತಂತಿ ಇರುತ್ತದೆ. ರೂಟರಿನ ಅಡಾಪ್ಟರ್ ಗೋಡೆಯ ಕರೆಂಟಿಗೇ ತಗುಲಿರುತ್ತದೆ. ಎರಡೂ ಕಿತ್ತಿಡಿ.

ಪ್ರಶ್ನೆ: ಅಂಕೋಲಾದಿಂದ. ಹುಬ್ಬಳ್ಳಿಯಲ್ಲಿ ಒಬ್ಬರು ಆರ್‌ಎಕ್ಸ್ 580 ಇರುವ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಕೊಡುತ್ತಿದ್ದಾರೆ. ಕ್ರಿಪ್ಟೊ ಕರೆನ್ಸಿ ಮೈನಿಂಗ್‌ಗೆ (ನಾಣ್ಯ ಗಳಿಸಲು ಹಗಲಿರುಳು ಓಡಿಸುವುದು) ಬಳಸಿದ ಕಾರ್ಡ್ ಇರಬಹುದೇ?

ಉತ್ತರ: ಇರಬಹುದು. ಮೈನಿಂಗ್ ಮಾಡಿದ ಕಾರ್ಡೆಲ್ಲ ಸತ್ತದ್ದಲ್ಲ. ಸವೆಯುವುದು ಫ್ಯಾನು ಮತ್ತು ಥರ್ಮಲ್ ಪೇಸ್ಟು. ಅರ್ಧ ಗಂಟೆ ಆಟ ಓಡಿಸಿ, ಫ್ಯಾನ್ ಸದ್ದು ಕೇಳಿ. ಜಿಪಿಯು-ಝಡ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಶೇಡರ್ (ಕಾರ್ಡಿನ ಒಳಗಿನ ಪುಟ್ಟ ಲೆಕ್ಕದ ಘಟಕ) ಸಂಖ್ಯೆ ನೋಡಿ. ನಿಜವಾದ 580ಕ್ಕೆ 2304 ಇರಬೇಕು. 2048 ಇದ್ದರೆ ಅದು ಹೆಸರಿಗೆ 580, ಕೆಲಸಕ್ಕೆ ಅದರ ತಮ್ಮ. ದರ ಇಳಿಸಿ ಕೇಳಿ. ತರುವಾಗ ಕಾರ್ಡನ್ನು ಸ್ಲಾಟಿನಿಂದ ಬಿಚ್ಚಿ ಬೇರೆ ಡಬ್ಬಿಯಲ್ಲಿ ಇಡಿ. ಅರಬೈಲ್ ಘಾಟಿಯ ತಿರುವುಗಳಲ್ಲಿ ಭಾರದ ಕಾರ್ಡು ಜೋತಾಡಿದರೆ ಸ್ಲಾಟೇ ಸೀಳಬಹುದು.

ಪ್ರಶ್ನೆ: ಭಟ್ಕಳದಿಂದ. ಅಣ್ಣ ದುಬೈಯಲ್ಲಿದ್ದಾನೆ, ರಜೆಗೆ ಬರುವಾಗ ಗ್ರಾಫಿಕ್ಸ್ ಕಾರ್ಡ್ ತರುತ್ತಾನಂತೆ. ಇಲ್ಲಿ ಓಡುತ್ತದಾ?

ಉತ್ತರ: ಓಡುತ್ತದೆ. ಕಾರ್ಡಿಗೆ ಕರೆಂಟು ಬರುವುದು ಎಸ್‌ಎಂಪಿಎಸ್‌ನಿಂದ, ದೇಶದ ಪ್ಲಗ್ಗಿಗೂ ಅದಕ್ಕೂ ಸಂಬಂಧವಿಲ್ಲ. ನೋಡಬೇಕಾದ್ದು ವಾರಂಟಿ. ಕೆಲವು ಕಂಪನಿಗಳು ಕೊಂಡ ದೇಶದಲ್ಲಿ ಮಾತ್ರ ಕೊಡುತ್ತವೆ. ಆ ಕಂಪನಿಯ ಭಾರತದ ಸರ್ವಿಸ್ ಸೆಂಟರಿಗೆ ಮೊದಲೇ ಕೇಳಿ. ಎರಡು ಸಾವಿರ ಉಳಿಸಲು ಹೋಗಿ ವಾರಂಟಿ ಬಿಡುವುದಾದರೆ ಇಲ್ಲೇ ಬಿಲ್ ಹಾಕಿಸಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ ತಗೊಳ್ಳಿ. ತಂದೇ ತರುತ್ತಾನೆ ಎಂದಾದರೆ ಬ್ಯಾಗ್ ಲಗೇಜಿಗೆ ಹಾಕದೆ ಕೈಚೀಲದಲ್ಲಿ ತರಲಿ. ಬರುವ ಮೊದಲು ನಿಮ್ಮ ಕ್ಯಾಬಿನೆಟ್ಟಿನ ಒಳಗಿನ ಉದ್ದ ಅಳೆದು ಅಣ್ಣನಿಗೆ ವಾಟ್ಸ್‌ಆ್ಯಪ್ ಮಾಡಿ. ಮೂರು ಫ್ಯಾನಿನ ಕಾರ್ಡು ತಂದು, ಮುಂದಿನ ಫ್ಯಾನಿಗೆ ತಾಗಿ, ಕ್ಯಾಬಿನೆಟ್ ಬಾಗಿಲು ತೆಗೆದಿಟ್ಟೇ ಒಂದು ವರ್ಷ ಆಡಿದವರನ್ನು ನಾನು ನೋಡಿದ್ದೇನೆ.