ಫೋಟೋದಲ್ಲಿ ಸಿಕ್ಕ ಮಸುಕು ಚುಕ್ಕೆ ಹೊಸ ಧೂಮಕೇತುವಾ?

8 ಇಂಚಿನ ಟೆಲಿಸ್ಕೋಪಿನಲ್ಲಿ ತೆಗೆದ ಫೋಟೋದಲ್ಲಿ, ನಕ್ಷೆಯಲ್ಲಿಲ್ಲದ ಮಸುಕು ಚುಕ್ಕೆ ಇದೆ, ಹೊಸ ಧೂಮಕೇತು ಇರಬಹುದಾ ಅಂತ ಕೇಳಿದ್ದೀರಿ. ಮೊದಲು ಅದು ಚಲಿಸುತ್ತಿದೆಯಾ ನೋಡಿ. ಸ್ವಲ್ಪ ಹೊತ್ತು ಬಿಟ್ಟು ಅದೇ ಜಾಗದ ಇನ್ನಷ್ಟು ಫೋಟೋ ತೆಗೆಯಿರಿ. ನಕ್ಷತ್ರಗಳ ನಡುವೆ ಕದಲದಿದ್ದರೆ ಬಹುಶಃ ಗ್ಯಾಲಕ್ಸಿ. ಟೆಲಿಸ್ಕೋಪ್ ಸರಿಸಿದಾಗ ನಕ್ಷತ್ರಗಳ ಜೊತೆ ಸರಿಯದಿದ್ದರೆ ಸುಮ್ನೆ ಪ್ರತಿಫಲನ.

ಕದಲಿದರೆ, ಗೊತ್ತಿರುವ ಧೂಮಕೇತು ಅಲ್ಲಿದೆಯಾ ಅಂತ ಧೂಮಕೇತು, ಕ್ಷುದ್ರಗ್ರಹಗಳ ಲೆಕ್ಕ ಇಡುವ ಮೈನರ್ ಪ್ಲಾನೆಟ್ ಸೆಂಟರಿನ ವೆಬ್‌ಸೈಟಿನಲ್ಲಿ ಹುಡುಕಿ. ಇಲ್ಲವಾದರೆ ತಡ ಮಾಡಬೇಡಿ. ನಿಖರ ಸ್ಥಾನ, ಸಮಯ ಅಳೆದು ಅವರಿಗೇ ಕಳಿಸಿ. ಬೇರೆಯವರೂ ನೋಡಿ ಅಳೆದರೇ ಕಕ್ಷೆ ಗಟ್ಟಿಯಾಗುವುದು.

ಇದು ಎಷ್ಟು ಮುಖ್ಯ ಅಂದರೆ, 2023ರ ಜನವರಿ 9ರಂದು ಚೀನಾದ ಪರ್ಪಲ್ ಮೌಂಟನ್ ವೀಕ್ಷಣಾಲಯ ಒಂದು ಧೂಮಕೇತುವನ್ನು ಕಂಡಿತು. ಮತ್ತೆ ಯಾರೂ ನೋಡಲಿಲ್ಲ, ಕಳೆದುಹೋಯಿತು ಅಂತ ಖಚಿತವಾಗಬೇಕಾದವುಗಳ ಪಟ್ಟಿಯಿಂದಲೇ ತೆಗೆದರು. ಫೆಬ್ರವರಿ 22ರಂದು ದಕ್ಷಿಣ ಆಫ್ರಿಕಾದ ಅಟ್ಲಾಸ್ ಟೆಲಿಸ್ಕೋಪಿಗೆ ಅದೇ ಸಿಕ್ಕಿತು. ಹಳೆಯ ಫೋಟೋಗಳನ್ನು ಕೆದಕಿದರೆ 2022ರ ಡಿಸೆಂಬರಿನಲ್ಲೂ ಇತ್ತು! 2024ರಲ್ಲಿ ಬೆಂಗಳೂರಿನವರೂ ಬೆಳಗಿನ ಜಾವ ಎದ್ದು ನೋಡಿದ ತ್ಸುಚಿನ್‌ಶಾನ್-ಅಟ್ಲಾಸ್ ಅದೇ.

ಇನ್ನೊಂದು ರಾತ್ರಿಯ ಫೋಟೋ ಸಿಕ್ಕ ತಕ್ಷಣ ಸಮಯದ ಸಮೇತ ಇಲ್ಲಿ ಹಾಕಿ, ನಾನೂ ನೋಡುತ್ತೇನೆ.