ಆ್ಯಪ್‌ನಲ್ಲಿ ಬಂದ ಬಸ್ ಸ್ಟಾಪಿಗೆ ಬರಲಿಲ್ಲ, ಯಾಕೆ?

ಪ್ರಶ್ನೆ: ನಾನು ದಿನಾ ಸಿಟಿ ಬಸ್ಸಿನಲ್ಲೇ ಕೆಲಸಕ್ಕೆ ಹೋಗುವವಳು. ಇನ್ನು ಐದು ನಿಮಿಷಕ್ಕೆ ಬಸ್ ಎಂದು ಆ್ಯಪ್ ತೋರಿಸುತ್ತದೆ. ಕಾಯುತ್ತಿದ್ದಂತೆ ಆ ಬಸ್ ಪಟ್ಟಿಯಿಂದಲೇ ಮಾಯ! ಎಲ್ಲ ಬಸ್ಸಿಗೂ ಜಿಪಿಎಸ್ ಹಾಕಿದ್ದಾರಲ್ವಾ, ಮತ್ತೆ ಹೀಗೇಕೆ?

ಉತ್ತರ: ಬಹುಶಃ ನೀವು ನೋಡಿದ್ದು ಬಸ್ಸನ್ನಲ್ಲ, ವೇಳಾಪಟ್ಟಿಯನ್ನು. ಲೈವ್ ಮಾಹಿತಿ ಸಿಗದಿದ್ದಾಗ ಹಲವು ಆ್ಯಪ್‌ಗಳು ಪಟ್ಟಿಯಲ್ಲಿರುವ ಸಮಯವನ್ನೇ ತೋರಿಸುತ್ತವೆ. ಆ ಸಮಯ ದಾಟಿತೋ, ಸಾಲು ಅಳಿಸಿಹೋಗುತ್ತದೆ. ಟ್ರಿಪ್ ರದ್ದಾಗಿದ್ದರೂ ಆ್ಯಪಿಗೆ ಯಾರೂ ತಿಳಿಸಿರುವುದಿಲ್ಲ.

ಜಿಪಿಎಸ್ ಇದ್ದರೂ ಲೈವ್ ಮಾಹಿತಿ ಯಾಕೆ ಸಿಗುವುದಿಲ್ಲ? ಆ ಸಾಧನ ಮೊಬೈಲ್ ಸಿಮ್ ಮೂಲಕ ಸರ್ವರಿಗೆ ಹೇಳುವುದು ಇಷ್ಟೇ: ಈ ಗಾಡಿ ಈಗ ಇಲ್ಲಿದೆ. ಅದು ಯಾವ ರೂಟು, ಎಷ್ಟನೇ ಟ್ರಿಪ್ಪು ಎಂಬುದು ಅದಕ್ಕೆ ಗೊತ್ತಿಲ್ಲ. ಯಾವ ಗಾಡಿ ಯಾವ ಶೆಡ್ಯೂಲಿಗೆ ಹೋಗುತ್ತದೆ ಎಂಬುದನ್ನು ಡಿಪೋದಿಂದಲೇ ಸಿಸ್ಟಂಗೆ ಸೇರಿಸಬೇಕು. ಹೊರಡುವ ಹೊತ್ತಿಗೆ ಒಂದು ಬಸ್ ಕೆಟ್ಟಿತು, ಗಡಿಬಿಡಿಯಲ್ಲಿ ಬೇರೆ ಬಸ್ ಕಳಿಸಿದರು ಅಂದುಕೊಳ್ಳಿ. ಅದನ್ನು ಸಿಸ್ಟಂನಲ್ಲಿ ಬದಲಿಸದಿದ್ದರೆ, ರಸ್ತೆಯಲ್ಲಿ ಓಡುತ್ತಿರುವ ಬಸ್ ನಿಮ್ಮ ರೂಟಿನಲ್ಲಿ ಕಾಣುವುದೇ ಇಲ್ಲ. ಕೆಟ್ಟು ನಿಂತ ಗಾಡಿಯ ಹೆಸರಿನಲ್ಲಿ ಟ್ರಿಪ್ ಮಾತ್ರ ಉಳಿದಿರುತ್ತದೆ.

ತಂತ್ರಜ್ಞಾನಕ್ಕೆ ಇಲ್ಲಿ ಕೊರತೆಯಿಲ್ಲ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಸಾರಿಗೆ ಸಂಸ್ಥೆ ಟ್ರೈಮೆಟ್ ಮತ್ತು ಗೂಗಲ್ ಸೇರಿ ಶುರು ಮಾಡಿದ, ಬಸ್ಸಿನ ಮಾಹಿತಿಯನ್ನು ಆ್ಯಪ್‌ಗಳು ಓದುವಂತೆ ಬರೆದಿಡುವ ಜಿಟಿಎಫ್‌ಎಸ್ ಮಾದರಿಯನ್ನು ಇಂದು ಜಗತ್ತಿನ ಎಷ್ಟೋ ನಗರಗಳು ಬಳಸುತ್ತವೆ. ಸ್ಟಾಪು, ರೂಟು, ಟ್ರಿಪ್ಪು, ಸಮಯ ಎಲ್ಲವೂ ಅದರಲ್ಲಿ ಸಾದಾ ಟೆಕ್ಸ್ಟ್ ಫೈಲುಗಳು. ಅದರ ರಿಯಲ್‌ಟೈಮ್ ಭಾಗದಲ್ಲಿ ‘ಈ ಟ್ರಿಪ್ ರದ್ದು’ ಎಂದು ತಿಳಿಸಲೂ ಜಾಗವಿದೆ. ಆ ಜಾಗವನ್ನು ತುಂಬಬೇಕಷ್ಟೇ. ಹಾಗಾಗಿ ಹೊಸ ಆ್ಯಪಿಗೆ, ಸ್ಟಾಪಿನ ಬೋರ್ಡಿಗೆ ದುಡ್ಡು ಹಾಕುವ ಮೊದಲು ಡಿಪೋದಲ್ಲಿ ಈ ಕೆಲಸಕ್ಕೆಂದೇ ಒಬ್ಬರನ್ನು ಕೂರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾಹಿತಿ ಎಲ್ಲರಿಗೂ ಸಿಗುವಂತಿರಬೇಕು ಕೂಡ. ದೆಹಲಿ ಸರ್ಕಾರ 2018ರಲ್ಲಿ ಐಐಐಟಿ ದೆಹಲಿ ಜೊತೆ ಸೇರಿ ಬಸ್ಸುಗಳ ಮಾಹಿತಿಯನ್ನು ಹಾಗೆ ತೆರೆದಿಟ್ಟಿತು. ಹೀಗಾದಾಗ ಹೊರಗಿನವರೂ ತಪ್ಪು ಹಿಡಿಯಬಹುದು.

ಸದ್ಯಕ್ಕೆ ನೀವು ಮಾಡಬಹುದಾದ್ದು: ಬರೀ ಸಮಯ ಕಂಡರೆ ನೆಚ್ಚಿಕೊಳ್ಳಬೇಡಿ. ಮ್ಯಾಪಿನಲ್ಲಿ ಗಾಡಿ ನಂಬರ್ ಇದೆಯಾ, ಅದು ಜರುಗುತ್ತಿದೆಯಾ ನೋಡಿ. ದೂರು ಕೊಡುವಾಗ ಸುಮ್ನೆ ‘ಬಸ್ ಬರಲಿಲ್ಲ’ ಎನ್ನದೆ ರೂಟ್ ನಂಬರ್, ಸ್ಟಾಪ್, ತಾರೀಖು, ಸಮಯ ಬರೆಯಿರಿ. ಇಷ್ಟಿದ್ದರೆ ಆ ಟ್ರಿಪ್ಪಿಗೆ ಯಾವ ಗಾಡಿ ಹಾಕಿದ್ದರು, ಅದು ಡಿಪೋ ಬಿಟ್ಟಿತ್ತೋ ಇಲ್ಲವೋ ಎಂದು ಅವರು ದಾಖಲೆ ತೆಗೆದು ನೋಡಬಹುದು.