ಬೀಜ ಹುಟ್ಟಲಿಲ್ಲ, ಅಂಕ ಯಾರಿಗೆ ಕಡಿಮೆ?

ಅಂಚೆಯಲ್ಲಿ ಬೀಜ ಅದಲು ಬದಲು ಮಾಡುವ ಹವ್ಯಾಸಿಗಳಿಂದ ಈ ಸಲ ನಾಲ್ಕು ಪ್ರಶ್ನೆ ಬಂದಿವೆ. ಆನ್‌ಲೈನ್ ಅಂಗಡಿಗಳಿಗೆ ರೇಟಿಂಗ್ ಪದ್ಧತಿ ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಧಾರವಾಡದ ಮನೆಯ ತಾರಸಿ ಮೇಲೆ ಮುಳಗಾಯಿ ಬೆಳೆಯುವುದು ನನ್ನ ಹುಚ್ಚು. ಎರಡೂ ಒಂದೇ ಪ್ರಶ್ನೆಯಲ್ಲಿ ಸಿಕ್ಕಿದ್ದು ಇದೇ ಮೊದಲು. ಹಾಗಾಗಿ ಮೊದಲ ಉತ್ತರ ಸ್ವಲ್ಪ ಉದ್ದವಾಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು 70 ಜನರ ಬಳಗ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು. ಜವಾರಿ ತರಕಾರಿ ಬೀಜ ಅಂಚೆಯಲ್ಲಿ ಕಳಿಸಿ, ಬದಲಿಗೆ ಬೇರೆ ಬೀಜ ತರಿಸಿಕೊಳ್ಳುತ್ತೇವೆ. ದುಡ್ಡಿನ ಮಾತಿಲ್ಲ. ಕೆಲವರು ಕಳಿಸುತ್ತೇನೆ ಅಂದು ಕಳಿಸುವುದಿಲ್ಲ. ಕೆಲವರು ಹಳೇ ಬೀಜ ದಾಟಿಸುತ್ತಾರೆ. ಅದಕ್ಕೇ ಐದು ಸ್ಟಾರ್ ಪದ್ಧತಿ ತಂದೆವು. ಈಗ ಎಲ್ಲರಿಗೂ ಐದಕ್ಕೆ ಐದು! ಒಬ್ಬರು ಧೈರ್ಯ ಮಾಡಿ ಒಂದು ಸ್ಟಾರ್ ಕೊಟ್ಟರು. ಎದುರಿನವರು ಅರ್ಧ ತಾಸಿನಲ್ಲಿ ತಿರುಗಿಸಿ ಒಂದೇ ಸ್ಟಾರ್ ಕೊಟ್ಟರು. ಇಬ್ಬರಿಗೂ ಈಗ ಮಾತಿಲ್ಲ. ಏನ್ ಮಾಡೂಣ್ರಿ ಸರ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮೊದಲು ಆ ಸ್ಟಾರ್ ತೆಗೆದು ಹಾಕಿ. ನಮ್ಮ ಕಡೆ ಯಾರದೇ ಮನೆಗೆ ಊಟಕ್ಕೆ ಹೋಗಿ. "ಅಡಗಿ ಹ್ಯಾಂಗಾಗೇತ್ರಿ?" ಅಂತ ಕೇಳಿದರೆ "ಭಾಳ ಚಲೋ ಆಗೇತ್ರಿ" ಅಂತಲೇ ಹೇಳುತ್ತೇವೆ. ಉಪ್ಪು ಜಾಸ್ತಿಯಾಗಿದ್ದರೂ ಅಷ್ಟೇ. ನಾಳೆ ದುರ್ಗದಬೈಲಿನ ಪೇಟೆಯಲ್ಲಿ ಎದುರಾಗುವ ಮನುಷ್ಯನಿಗೆ ಮೂರು ಸ್ಟಾರ್ ಕೊಡುವವರು ಯಾರು? ಸ್ಟಾರ್ ಕೇಳುವುದೆಂದರೆ 'ಇವರು ಹೇಗೆ?' ಎಂದು ಕೇಳಿದ ಹಾಗೆ. ಆ ಪ್ರಶ್ನೆಗೆ ನಿಜ ಹೇಳುವುದು ಕಷ್ಟ. 'ಇವರು ಹೇಳಿದ ದಿನ ಕವರ್ ಅಂಚೆಗೆ ಹಾಕಿದರೇ?' ಎಂದು ಕೇಳಿದರೆ ಹೌದು ಅಥವಾ ಇಲ್ಲ ಅನ್ನಬಹುದು. ಅದರಲ್ಲಿ ಮುಖ ನೋಡುವ ಪ್ರಶ್ನೆಯೇ ಇಲ್ಲ.

ಸೇಡಿನ ಅಂಕ ನಿಮ್ಮ ಬಳಗದ ರೋಗ ಮಾತ್ರ ಅಲ್ಲ. ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ಮೊದಲು ಮಾರುವವರೂ ಕೊಳ್ಳುವವರೂ ಒಬ್ಬರಿಗೊಬ್ಬರು ಒಳ್ಳೆಯದು, ಕೆಟ್ಟದ್ದು ಎರಡೂ ಬರೆಯಬಹುದಿತ್ತು. ಕೊಂಡವರು ಕೆಟ್ಟದ್ದು ಬರೆದರೆ ಮಾರಿದವರೂ ತಿರುಗಿಸಿ ಬರೆಯುತ್ತಿದ್ದರು. ಆ ಹೆದರಿಕೆಗೆ ಕೊಂಡವರು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ಕೊನೆಗೆ 2008ರಲ್ಲಿ, ಮಾರುವವರು ಕೊಳ್ಳುವವರ ಬಗ್ಗೆ ಕೆಟ್ಟ ಅಂಕ ಕೊಡುವಂತಿಲ್ಲ ಎಂದು ಮಾಡಿದರು. ನಿಮಗೆ ಈ ದಾರಿ ಆಗಿಬರುವುದಿಲ್ಲ, ಯಾಕೆಂದರೆ ನಿಮ್ಮಲ್ಲಿ ಎಲ್ಲರೂ ಕಳಿಸುವವರೇ, ಎಲ್ಲರೂ ಪಡೆಯುವವರೇ. ಏರ್‌ಬಿಎನ್‌ಬಿ (ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡಿಸುವ ಜಾಲತಾಣ) 2014ರಲ್ಲಿ ಮಾಡಿದ್ದು ನಿಮಗೆ ಹೊಂದುತ್ತದೆ. ಅಲ್ಲಿ ಮನೆಯವರು, ಉಳಿದುಕೊಂಡವರು ಇಬ್ಬರೂ 14 ದಿನದೊಳಗೆ ಬರೆಯಬೇಕು. ಇಬ್ಬರೂ ಬರೆದ ಮೇಲೆ, ಇಲ್ಲವೇ 14 ದಿನ ಮುಗಿದ ಮೇಲೆ ಎರಡೂ ಒಟ್ಟಿಗೆ ತೆರೆಯುತ್ತವೆ. ಎದುರಿನವರು ಏನು ಬರೆದಿದ್ದಾರೆ ಅಂತ ಗೊತ್ತಿಲ್ಲದಿದ್ದರೆ ಸೇಡು ಯಾವುದಕ್ಕೆ ತೀರಿಸುತ್ತೀರಿ? ನೀವು 14ರ ಬದಲು 30 ದಿನ ಇಟ್ಟುಕೊಳ್ಳಿ. ಮೆಣಸಿನಕಾಯಿ ಬೀಜ ಹುಟ್ಟಲಿಕ್ಕೇ ಎರಡು ವಾರ ಬೇಕು. ಲೆಕ್ಕ ಇಡುವವರು ಒಬ್ಬರಿದ್ದರೆ ಸಾಕು. ಇಬ್ಬರೂ ಅವರಿಗೆ ಬರೆದು ಕಳಿಸಬೇಕು, ಅವರು ಒಂದೇ ದಿನ ಎರಡನ್ನೂ ಬಳಗಕ್ಕೆ ತಿಳಿಸಬೇಕು. ಇದಕ್ಕೆ ಆ್ಯಪು ಗೀಪು ಏನೂ ಬೇಡ.

ಇನ್ನು ಏನು ಕೇಳಬೇಕು? ಕಳಿಸುವವರ ಕೈಯಲ್ಲಿ ಇರುವುದನ್ನು ಮಾತ್ರ ಕೇಳಿ. ಒಪ್ಪಿದ ದಿನದೊಳಗೆ ಅಂಚೆಗೆ ಹಾಕಿದರೇ? ಸ್ಪೀಡ್ ಪೋಸ್ಟ್ ರಸೀದಿಯ ಮೇಲೆ ತಾರೀಖೂ ಇರುತ್ತದೆ, 13 ಅಕ್ಷರ-ಅಂಕಿಯ ನಂಬರೂ ಇರುತ್ತದೆ, ಅಲ್ಲಿಗೆ ವಾದ ಮುಗಿಯಿತು. ಬೀಜ ಜಜ್ಜಿ ಹೋಗದ ಹಾಗೆ ಕಟ್ಟಿದ್ದರೇ? ಚೀಟಿಯ ಮೇಲೆ ಬೆಳೆಯ ಹೆಸರು, ಊರು, ಬೀಜ ತೆಗೆದ ತಿಂಗಳು ಬರೆದಿದ್ದರೇ? ತಕರಾರು ಬಂದರೆ ವಾರದೊಳಗೆ ಉತ್ತರ ಕೊಟ್ಟರೇ? ಈ ನಾಲ್ಕೇ ಸಾಕು. 'ಬೀಜ ಚೆನ್ನಾಗಿತ್ತೇ?' ಅನ್ನುವುದನ್ನು ಇದರ ಜೊತೆ ಸೇರಿಸಲೇಬೇಡಿ. ಅದು ಬೇರೆ ಲೆಕ್ಕ, ಗದಗಿನವರ ಪ್ರಶ್ನೆಗೆ ಹೇಳುತ್ತೇನೆ.

ಇದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ. ಹಾವೇರಿ ಕಡೆಯ ಒಬ್ಬರು ಒಮ್ಮೆ ಹೀರೇಬೀಜ ಕಳಿಸಿದ್ದರು. ಕವರ್ ತೆಗೆದರೆ ಒಳಗೆ ಪೂರ್ತಿ ತೇವ. ಚೀಟಿಯ ನೀಲಿ ಇಂಕು ಹರಡಿ ಬೀಜಕ್ಕೆಲ್ಲ ಹತ್ತಿತ್ತು, ಎರಡು ಬೀಜ ಆಗಲೇ ಬೂಸರು ಹಿಡಿದಿದ್ದವು. ಸಿಟ್ಟಿನಿಂದ ಕಡಿಮೆ ಅಂಕ ಕೊಟ್ಟೆ. ಮೂರು ದಿನ ಬಿಟ್ಟು ಎದುರು ಮನೆಯ ಅಜ್ಜಿ ಹೇಳಿದರು: "ನಿಮ್ಮ ಗೇಟಿಗೆ ಒಂದು ಕವರ್ ಸಿಗಸಿ ಹೋಗಿದ್ರಲ್ಲ, ಎರಡು ದಿನ ಮಳಿಯಾಗ ತೋಯ್ಸಿಕೊಂತ ನಿಂತಿತ್ತು. ಕಂಡಿಲ್ಲೇನು?" ನಾನು ಊರಲ್ಲಿರಲಿಲ್ಲ! ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಮಳೆ ನಿಮಗೆ ಗೊತ್ತೇ ಇದೆ. ಅಂಕ ಕಡಿಮೆಯಾಗಬೇಕಾದದ್ದು ನನ್ನ ಗೇಟಿಗೆ. ಕಡಿಮೆಯಾದದ್ದು ಅವರಿಗೆ.

ಕಟ್ಟುವ ವಿಷಯಕ್ಕೂ ಒಂದು ಮಾತು. ಕವರಿನ ಮೇಲೆ ಅಂಚೆ ಮುದ್ರೆ ಬೀಳುತ್ತದೆ, ಧಪ್ ಅಂತ. ಅದರ ಕೆಳಗೆ ಹೀರೆ, ಸವತೆ ಬೀಜ ಸಿಕ್ಕರೆ ಒಡೆದೇ ಹೋಗುತ್ತವೆ. ಖಾಲಿ ಕಡ್ಡಿಪೆಟ್ಟಿಗೆಯಲ್ಲಿ ಹಾಕಿ ಕಳಿಸಿದರೆ ಏನೂ ಆಗುವುದಿಲ್ಲ.

ಇನ್ನು ಕೂಡಿಸುವ ಲೆಕ್ಕ. ಒಬ್ಬರು 4 ಸಲ ಕಳಿಸಿದ್ದಾರೆ, ನಾಲ್ಕೂ ಸರಿ. ಇನ್ನೊಬ್ಬರು 50 ಸಲ ಕಳಿಸಿದ್ದಾರೆ, 47 ಸರಿ. ಶೇಕಡಾ ತೆಗೆದರೆ ಮೊದಲಿನವರು 100, ಎರಡನೆಯವರು 94. ನೀವು ಯಾರನ್ನು ನಂಬುತ್ತೀರಿ? ನಾನಂತೂ 50 ಸಲ ಕಳಿಸಿದವರನ್ನೇ. ಇದಕ್ಕೆ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಕೊಟ್ಟ ಹಳೇ ಉಪಾಯ ಇದೆ. ಸರಿಯಾದ್ದಕ್ಕೆ 1 ಸೇರಿಸಿ, ಒಟ್ಟಿಗೆ 2 ಸೇರಿಸಿ, ಆಮೇಲೆ ಭಾಗಿಸಿ. ಮೊದಲಿನವರದು 6ಕ್ಕೆ 5, ಅಂದರೆ 83. ಎರಡನೆಯವರದು 52ಕ್ಕೆ 48, ಅಂದರೆ 92. ಏನೂ ಕಳಿಸದ ಹೊಸಬರಿಗೆ 2ಕ್ಕೆ 1, ಅಂದರೆ 50: ಒಳ್ಳೆಯವರೂ ಅಲ್ಲ, ಕೆಟ್ಟವರೂ ಅಲ್ಲ. ಸೊನ್ನೆಯಿಂದ ಶುರು ಮಾಡಿಸುವುದಕ್ಕಿಂತ ಇದು ನ್ಯಾಯ ಅಲ್ವಾ?

ಎರಡು ಕಿರಿಕಿರಿ ಮಾತ್ರ ಮೊದಲೇ ತಡೆಯಿರಿ. ಬೀಗರಿಬ್ಬರು ತಮ್ಮತಮ್ಮಲ್ಲೇ ಹನ್ನೆರಡು ಸಲ ಬದಲಾಯಿಸಿಕೊಂಡು ಅಂಕ ಏರಿಸಿಕೊಳ್ಳಬಹುದು. ಅದಕ್ಕೆ ಒಂದೇ ಜೋಡಿಯದು ಒಂದು ಹಂಗಾಮಿಗೆ ಒಂದೇ ಲೆಕ್ಕ. ಇನ್ನೊಂದು, ಬೀಜ ಬಂದ ಮೇಲೆ ಸುಮ್ನೆ ಕೂರುವವರು. ಹಿಂದಿನ ಕವರಿನ ಬಗ್ಗೆ ಬರೆಯದಿದ್ದರೆ ಮುಂದಿನ ಬದಲಾವಣೆಗೆ ಹೆಸರು ಹಚ್ಚುವಂತಿಲ್ಲ ಅನ್ನಿ, ತಾನೇ ಬರೆಯುತ್ತಾರೆ.

ಪ್ರಶ್ನೆ: ಉಳ್ಳಾಗಡ್ಡಿ ಬೀಜ ತರಿಸಿದ್ದೆ. ಒದ್ದೆ ಅರಿವೆಯಲ್ಲಿ 10 ಬೀಜ ಇಟ್ಟು ಆರನೇ ದಿನ ನೋಡಿದರೆ ಐದೇ ಹುಟ್ಟಿವೆ. ಕಳಿಸಿದವರು ಅಂಚೆಯಲ್ಲಿ ಕೆಟ್ಟಿರಬೇಕು ಅನ್ನುತ್ತಾರೆ. ಯಾರದು ತಪ್ಪು?
— ಗದಗ

ಉತ್ತರ: ಮೊದಲ ತಪ್ಪು ನಿಮ್ಮದೇ, ಅವಸರ ಮಾಡಿದ್ದೀರಿ. ಬೀಜ ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಉಳ್ಳಾಗಡ್ಡಿಗೆ ಆರನೇ ದಿನ ಮೊದಲ ಎಣಿಕೆ, 12ನೇ ದಿನ ಕೊನೇ ಎಣಿಕೆ. ಇನ್ನೂ ಆರು ದಿನ ತಾಳಿ.

ಎರಡನೆಯದು, 10 ಬೀಜ ಬಹಳ ಕಡಿಮೆ. ಪ್ರಯೋಗಾಲಯದಲ್ಲಿ 400 ಬೀಜ ಇಡುತ್ತಾರೆ. ದೇಶದ ಪ್ರಮಾಣಿತ ಬೀಜದ ನಿಯಮದಲ್ಲಿ ಉಳ್ಳಾಗಡ್ಡಿ ಕನಿಷ್ಠ ಶೇ 70 ಹುಟ್ಟಬೇಕು. ಈಗ ಲೆಕ್ಕ ಹಾಕಿ. ನಿಜವಾಗಿಯೂ ಶೇ 70 ಹುಟ್ಟುವ ಒಳ್ಳೇ ಬೀಜದಿಂದ ಹತ್ತೇ ಆರಿಸಿ ಇಟ್ಟರೆ, 100ರಲ್ಲಿ ಸುಮಾರು 15 ಸಲ ಐದು ಅಥವಾ ಅದಕ್ಕೂ ಕಡಿಮೆ ಹುಟ್ಟುತ್ತವೆ. ಬರೀ ಅದೃಷ್ಟದಿಂದ! ಅಷ್ಟಕ್ಕೇ ಅಂಕ ಕಡಿದರೆ, ಪ್ರಾಮಾಣಿಕವಾಗಿ ಕಳಿಸಿದವರಲ್ಲಿ ಏಳು ಜನರಲ್ಲಿ ಒಬ್ಬರಿಗೆ ಸುಮ್ನೆ ಶಿಕ್ಷೆಯಾಗುತ್ತದೆ. ಉಳ್ಳಾಗಡ್ಡಿ ಬೀಜ ಸಣ್ಣದು, 50 ಇಟ್ಟು ನೋಡಿ. 50ರಲ್ಲಿ 25ಕ್ಕಿಂತ ಹೆಚ್ಚು ಹುಟ್ಟದಿದ್ದರೆ ಅದು ಅದೃಷ್ಟದ ಆಟ ಅಲ್ಲ. ಒಳ್ಳೇ ಬೀಜದಲ್ಲಿ ಹಾಗಾಗುವುದು ಸಾವಿರಕ್ಕೆ ಎರಡು ಮೂರು ಸಲ.

ಎಲ್ಲ ಬೆಳೆಗೂ ಒಂದೇ ಗೆರೆ ಎಳೆಯಬೇಡಿ ಅಂತ ನಿಮ್ಮ ಬಳಗಕ್ಕೂ ಹೇಳಿ. ಅದೇ ನಿಯಮದಲ್ಲಿ ಮೆಣಸಿನಕಾಯಿಗೆ ಶೇ 60 ಸಾಕು, ಬೆಂಡೆಗೆ 65. ಮೆಣಸಿನಕಾಯಿ ಕಳಿಸುವವರನ್ನು ಟೊಮೆಟೊ ಕಳಿಸುವವರ ಪಕ್ಕ ನಿಲ್ಲಿಸಿ ಅಳೆದರೆ ಪಾಪ, ಅವರು ಯಾವಾಗಲೂ ಹಿಂದೆಯೇ.

ಅಂಚೆಯ ಮಾತು ನನಗೆ ಅಷ್ಟು ಒಪ್ಪಿಗೆಯಾಗಲಿಲ್ಲ. ಜಜ್ಜಿದ್ದರೆ ಒಡೆದದ್ದು ಕಣ್ಣಿಗೇ ಕಾಣುತ್ತದೆ. ನೀರು ತಾಗಿದ್ದರೆ ಬೀಜ ಅಂಟಿಕೊಂಡಿರುತ್ತದೆ. ಎರಡೂ ಇಲ್ಲ ಅಂದರೆ ಬೀಜದ ವಯಸ್ಸು ಕೇಳಿ. ತರಕಾರಿ ಬೀಜಗಳಲ್ಲಿ ಉಳ್ಳಾಗಡ್ಡಿಯದು ಬಹಳ ಅಲ್ಪಾಯುಷ್ಯ. ಮನೆಯ ಡಬ್ಬಿಯಲ್ಲಿ ಒಂದು ವರ್ಷ ದಾಟಿದರೆ ಹುಟ್ಟುವುದು ಇಳಿಯುತ್ತಾ ಹೋಗುತ್ತದೆ. ಚೀಟಿಯ ಮೇಲೆ ಬೀಜ ತೆಗೆದ ತಿಂಗಳು ಇತ್ತೇ? ಇಲ್ಲದಿದ್ದರೆ ಅದಕ್ಕೆ 'ಇಲ್ಲ' ಅಂತ ಬರೆಯಿರಿ, ಅದು ಅವರ ಕೈಯಲ್ಲಿತ್ತು. ಹುಟ್ಟಿದ್ದು ಎಷ್ಟು ಅನ್ನುವುದನ್ನು ಅಂಕವಾಗಿ ಅಲ್ಲ, ಎಣಿಕೆಯಾಗಿ ಬರೆಯಿರಿ: 'ಉಳ್ಳಾಗಡ್ಡಿ, 50ಕ್ಕೆ ಇಷ್ಟು, 12ನೇ ದಿನ.' ಅವರಿಂದಲೇ ಬೀಜ ತರಿಸಿದ ಐದಾರು ಜನರ ಎಣಿಕೆ ಒಂದರ ಕೆಳಗೊಂದು ಬಂದಾಗ ಯಾರೂ ಏನೂ ಹೇಳಬೇಕಾಗಿಲ್ಲ.

ಪ್ರಶ್ನೆ: ನಾನು ಬಳಗಕ್ಕೆ ಹೊಸಬಳು. ನನಗೆ ಯಾರೂ ಬೀಜ ಕಳಿಸುತ್ತಿಲ್ಲ, "ಮೊದಲು ನೀವು ಕಳಿಸ್ರಿ" ಅನ್ನುತ್ತಾರೆ. ಇದು ಅನ್ಯಾಯ ಅಲ್ವೇ?
— ರಾಣೆಬೆನ್ನೂರು

ಉತ್ತರ: ಸ್ವಲ್ಪ ಅನ್ಯಾಯವೇ ಅಕ್ಕಾ. ಆದರೆ ಕಾರಣ ಇದೆ. ಅಮೆರಿಕದಲ್ಲಿ ತಮ್ಮೂರಿನ ಬಿಯರ್ ಬಾಟಲಿಯನ್ನು ಪಾರ್ಸಲ್ ಮಾಡಿ ಬೇರೆ ಊರಿನ ಬಿಯರ್ ತರಿಸಿಕೊಳ್ಳುವ ಹವ್ಯಾಸಿಗಳಿದ್ದಾರೆ. (ಅಲ್ಲಿಯೂ ಸರ್ಕಾರಿ ಅಂಚೆಯಲ್ಲಿ ಮದ್ಯ ಹಾಕುವಂತಿಲ್ಲ, ಆದರೂ ಹುಚ್ಚು ಬಿಡಬೇಕಲ್ಲ.) ಅವರಲ್ಲೂ ಇದೇ ರೂಢಿ: ಹೊಸಬರು ಮೊದಲು ಕಳಿಸಬೇಕು. ಎರಿಕ್ ಫ್ರೀಡ್‌ಮನ್ ಮತ್ತು ಪಾಲ್ ರೆಸ್ನಿಕ್ ಎಂಬ ಇಬ್ಬರು ಸಂಶೋಧಕರು 2001ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಹೆಸರು ಬದಲಿಸಿಕೊಂಡು ಮತ್ತೆ ಬರುವುದು ಸುಲಭವಾದ ಕಡೆ, ಹೊಸಬರ ಮೇಲೆ ಒಂದಿಷ್ಟು ಅನುಮಾನ ಇದ್ದೇ ಇರುತ್ತದೆ. ಇಲ್ಲದಿದ್ದರೆ ಮೋಸ ಮಾಡಿದವರು ಹೊಸ ಫೋನ್ ನಂಬರಿನಿಂದ ನಾಳೆಯೇ ಹೊಸಬರಾಗಿ ಬರುತ್ತಾರೆ. ಅವರ ಪಾಪದ ಸಾಲ ನಿಮ್ಮಂಥವರು ಕಟ್ಟಬೇಕಾಗುತ್ತದೆ.

ಅಂದರೆ ಹೆಸರು ಬದಲಿಸುವುದು ಕಷ್ಟವಾದಷ್ಟೂ ನಿಮ್ಮ ಮೇಲಿನ ಅನುಮಾನ ಕಡಿಮೆ ಮಾಡಬಹುದು. ನಮ್ಮ ಕಡೆ ಇದಕ್ಕೆ ಒಳ್ಳೇ ಪದ್ಧತಿ ಇದೆ: ಜಾಮೀನು. ಹಳಬರೊಬ್ಬರು "ಇವರು ನನಗೆ ಗೊತ್ತು" ಅಂತ ನಿಲ್ಲಲಿ. ಮೊದಲ ಮೂರು ಕವರಿನಲ್ಲಿ ನೀವು ಕೈ ಕೊಟ್ಟರೆ ಒಂದು 'ಇಲ್ಲ' ಅವರ ಲೆಕ್ಕಕ್ಕೂ ಬೀಳಲಿ. ಸುಮ್ನೆ ಯಾರೂ ಜಾಮೀನು ನಿಲ್ಲುವುದಿಲ್ಲ, ಅದೇ ಅದರ ಬೆಲೆ. ಜಾಮೀನು ಇದ್ದವರು ಮೊದಲು ಕಳಿಸಬೇಕಾಗಿಲ್ಲ, ಇಬ್ಬರೂ ಒಂದೇ ದಿನ ಅಂಚೆಗೆ ಹಾಕಿ ರಸೀದಿಯ ಫೋಟೊ ಕಳಿಸಿಕೊಂಡರೆ ಆಯಿತು.

ಯಾರೂ ಪರಿಚಯ ಇಲ್ಲದಿದ್ದರೆ ಮೊದಲು ನೀವೇ ಕಳಿಸಿ, ಆದರೆ ಸಣ್ಣದು ಕಳಿಸಿ. ಪುಂಡಿ, ರಾಜಗಿರಿ ಬೀಜ ಒಂದು ಹಿಡಿ. ಹೋದರೆ ಅಂಚೆ ಖರ್ಚು ಹೋಯಿತು. ನಿಮ್ಮ ಅಜ್ಜಿ ಬೂದಿಯಲ್ಲಿ ಕಲಸಿ ಇಟ್ಟ ಅಪರೂಪದ ಬೀಜ ಇದ್ದರೆ ಅದನ್ನು ಮಾತ್ರ ಈಗಲೇ ಹೊರಗೆ ತೆಗೆಯಬೇಡಿ. ಹಳಬರೂ ಇದನ್ನು ನೆನಪಿಡಬೇಕು. ಇಪ್ಪತ್ತು ಸಲ ರಾಜಗಿರಿ ಕಳಿಸಿ ಹೆಸರು ಗಳಿಸಿದವರು ಇಪ್ಪತ್ತೊಂದನೇ ಸಲ ಅಪರೂಪದ್ದನ್ನು ಕೇಳಿದರೆ, ರಾಜಗಿರಿಯ ಅಂಕ ಅದಕ್ಕೆ ಪೂರ್ತಿ ಜಾಮೀನಲ್ಲ.

ಪ್ರಶ್ನೆ: ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ಅಂತ ಬೀಜ ಬಂತು. ನಾಲ್ಕು ತಿಂಗಳು ಬಿಟ್ಟು ಕಾಯಿ ಬಿಟ್ಟರೆ ಕೆಲವು ಗಿಡದಲ್ಲಿ ಉದ್ದ, ಕೆಲವು ಗಿಡದಲ್ಲಿ ಗಿಡ್ಡ. ಅಂಕ ಕೊಡುವ ದಿನ ಮುಗಿದು ಹೋಗಿದೆ. ಬಿಟ್ಟುಬಿಡಬೇಕೇ?
— ಹಾವೇರಿ

ಉತ್ತರ: ಬಿಡಬೇಡಿ, ಆದರೆ ಅಂಕದಲ್ಲಿ ಸೇರಿಸಲೂ ಬೇಡಿ. ಕಾಯಿ ಬಿಟ್ಟ ಮೇಲೆ ಬರೆಯಲು ಒಂದು ಬೇರೆ ಕಾಲಂ ಇರಬೇಕು, ಅದಕ್ಕೆ ಗಡುವು ಬೇಡ. ಬ್ಯಾಡಗಿ ಪೇಟೆಯಲ್ಲಿ ಚೀಲ ಬಿಚ್ಚಿ, ಕೈಯಾಡಿಸಿ, ಬಣ್ಣ ನೋಡಿ ಬೆಲೆ ಕಟ್ಟುತ್ತಾರೆ. ಕವರಿನಲ್ಲಿ ಬಂದ ಬೀಜದಲ್ಲಿ ಗಿಡ್ಡ ಕಾಯಿಯ ಡಬ್ಬಿ ಯಾವುದು, ಉದ್ದ ಕಾಯಿಯ ಕಡ್ಡಿ ಯಾವುದು ಅಂತ ಯಾರಿಗೂ ತಿಳಿಯುವುದಿಲ್ಲ. ಕಳಿಸಿದವರಿಗೂ ಎಷ್ಟೋ ಸಲ ತಿಳಿದಿರುವುದಿಲ್ಲ.

ನಿಮ್ಮ ಎಲ್ಲ ಗಿಡವೂ ಒಂದೇ ರೀತಿ ಕಡ್ಡಿ ಆಗಿದ್ದರೆ ಕವರ್ ಅದಲು ಬದಲಾಗಿದೆ ಅನ್ನಬಹುದಿತ್ತು. ಗಿಡಕ್ಕೊಂದು ಥರ ಬಂದಿದೆ ಅಂದರೆ ಬೆರಕೆ. ಮೆಣಸಿನಕಾಯಿ ಹೂವಿಗೆ ಜೇನು ಬಂದರೆ ಪಕ್ಕದ ತಳಿಯ ಪರಾಗ ತಾಗುತ್ತದೆ. ಪ್ರಮಾಣಿತ ಬೀಜ ಬೆಳೆಯುವವರು ಬೇರೆ ಮೆಣಸಿನಕಾಯಿಯಿಂದ 200 ಮೀಟರ್ ದೂರ ಇರಬೇಕು. ನಮ್ಮ ತಾರಸಿಯಿಂದ ಪಕ್ಕದ ಮನೆಯ ತಾರಸಿ 20 ಅಡಿ! ಇಲ್ಲವೇ ಅಂಗಡಿಯ ಹೈಬ್ರಿಡ್ ಗಿಡದ ಕಾಯಿಯಿಂದ ಬೀಜ ತೆಗೆದಿರಬಹುದು, ಆಗಲೂ ಹೀಗೇ ಚದುರುತ್ತದೆ.

ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: "ಹತ್ತಿರ ಬೇರೆ ಮೆಣಸಿನಕಾಯಿ ಇತ್ತೇನ್ರಿ?" ಇತ್ತು ಅಂದರೆ ಆ ಕಾಲಂನಲ್ಲಿ ಅಷ್ಟನ್ನೇ ಬರೆಯಿರಿ. ಇಲ್ಲವೇ ಇಲ್ಲ, ಶುದ್ಧ ತಳಿ ಅಂತ ಚೀಟಿಯ ಮೇಲೇ ಬರೆದು ಕಳಿಸಿದ್ದರೆ ಮಾತು ಬೇರೆ. ಅದು ಕೊಟ್ಟ ಮಾತು, ತಪ್ಪಿದ್ದಕ್ಕೆ 'ಇಲ್ಲ' ಬೀಳಲಿ. ನಿಮ್ಮ ಗಿಡಗಳ ಬೀಜವನ್ನು ಮಾತ್ರ ಡಬ್ಬಿ ಅಂತ ಮುಂದೆ ಕಳಿಸಬೇಡಿ. ಕಾಯಿ ಹಣ್ಣಾದ ಮೇಲೆ ಒಂದು ಭರಣಿ ರಂಜಕ ಮಾಡಿ. ಅದಕ್ಕೆ ಕಾಯಿ ಉದ್ದ ಇದ್ದರೇನು, ಗಿಡ್ಡ ಇದ್ದರೇನು.